ಧರ್ಮ ಮತ್ತು ಜನಾಂಗ ಮತಪೆಟ್ಟಿಗೆಯವರೆಗೆ ಹೇಗೆ ಬರುತ್ತವೆ?

ನೀವು ಕೇಳಿರುವುದು ಮೂರು ಪ್ರಶ್ನೆ. ಧರ್ಮ ಮತ್ತು ಜನಾಂಗ ಜನರ ಓಟನ್ನು ಎಷ್ಟರ ಮಟ್ಟಿಗೆ ನಿರ್ಧರಿಸುತ್ತವೆ, ಓದು ಬರಹ ಹೆಚ್ಚಾದರೆ ಇದು ತಾನಾಗಿಯೇ ಕಡಿಮೆಯಾಗುವುದಿಲ್ಲವೇ, ಆಗದಿದ್ದರೆ ಕಾನೂನಿನಿಂದ ತಡೆಯಬಹುದೇ. ಮೊದಲನೆಯದಕ್ಕೆ ನನ್ನ ಉತ್ತರ: ಬಹಳ ಮಟ್ಟಿಗೆ. ಎರಡನೆಯದಕ್ಕೆ: ಇಲ್ಲ. ಮೂರನೆಯದು ತೊಡಕಿನದು, ಕೊನೆಯಲ್ಲಿ ಬರುತ್ತೇನೆ. ನಾನು ಯಾವ ಪಕ್ಷದವನೂ ಅಲ್ಲ. ಚುನಾವಣೆಯ ಅಂಕಿ ಅಂಶ ಕೆದಕುವುದು ಹಳೆಯ ಚಟ, ಅಷ್ಟೆ. ಉದಾಹರಣೆಗಳನ್ನು ಹೆಚ್ಚಾಗಿ ಅಮೆರಿಕದಿಂದ ತೆಗೆದುಕೊಳ್ಳುತ್ತೇನೆ. ‘ನಿಮ್ಮ ಧರ್ಮ ಯಾವುದು, ಜನಾಂಗ ಯಾವುದು, ಓಟು ಯಾರಿಗೆ’ ಎಂದು ಮತದಾರರನ್ನು ದಶಕಗಳಿಂದ ಒಟ್ಟಿಗೇ ಕೇಳುತ್ತ ಬಂದಿರುವ ದೇಶ ಅದು. ಜೊತೆಗೆ, ದೂರದವರ ಜಗಳವಾದ್ದರಿಂದ ಓದುವವರಿಗೆ ಬೇಗ ಸಿಟ್ಟೂ ಬರುವುದಿಲ್ಲ.

ಅಲ್ಲಿ ಇವ್ಯಾಂಜೆಲಿಕಲ್ ಎನಿಸಿಕೊಂಡ ಬಿಳಿಯ ಪ್ರೊಟೆಸ್ಟಂಟರಿದ್ದಾರೆ. ಭಾನುವಾರದ ಪ್ರಾರ್ಥನೆ ತಪ್ಪಿಸುವವರಲ್ಲ, ಬೈಬಲ್ಲಿನ ಮಾತೇ ಕೊನೆಯ ಮಾತು ಎನ್ನುವವರು. 2016, 2020, 2024ರ ಮೂರೂ ಅಧ್ಯಕ್ಷೀಯ ಚುನಾವಣೆಗಳಲ್ಲಿ ಇವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಅವರಿಗೆ ಮತ ಹಾಕಿದರು. ಅದೇ ದೇಶದಲ್ಲಿ ಕಪ್ಪು ವರ್ಣದ ಪ್ರೊಟೆಸ್ಟಂಟರೂ ಇದ್ದಾರೆ. ಅವರೂ ಅಷ್ಟೇ ದೈವಭಕ್ತರು, ಬೈಬಲ್ ಅದೇ, ಸ್ತೋತ್ರಗಳಲ್ಲಿ ಎಷ್ಟೋ ಅವೇ. ಅವರಲ್ಲಿ ಹತ್ತಕ್ಕೆ ಎಂಟು, ಒಂಬತ್ತು ಮಂದಿ ಡೆಮಾಕ್ರಟಿಕ್ ಪಕ್ಷದ ಪಾಲು. ಧರ್ಮವೇ ಓಟನ್ನು ನಿರ್ಧರಿಸುವುದಾದರೆ ಇವರಿಬ್ಬರೂ ಒಂದೇ ಕಡೆ ನಿಲ್ಲಬೇಕಿತ್ತು. ಹಾಗಾದರೆ ಧರ್ಮ ನೆಪ, ಜನಾಂಗವೇ ಅಸಲು ಎನ್ನೋಣವೇ? ಅದೂ ಪೂರ್ತಿ ಒಪ್ಪತಕ್ಕ ಮಾತಲ್ಲ. ಬಿಳಿಯರಲ್ಲೇ ಯಾವ ಧರ್ಮಕ್ಕೂ ಸೇರದವರು ಹೆಚ್ಚಾಗಿ ಡೆಮಾಕ್ರಟರ ಕಡೆ ವಾಲುತ್ತಾರೆ.

ಇದನ್ನೆಲ್ಲ ನೋಡಿ ನನಗೆ ಮನವರಿಕೆಯಾದದ್ದು ಇಷ್ಟು. ಧರ್ಮವೋ ಜನಾಂಗವೋ ಮನುಷ್ಯನ ತಲೆಯಲ್ಲಿ ಕುಳಿತು ಇಂಥವರಿಗೆ ಓಟು ಹಾಕು ಎಂದು ಹೇಳುವುದಿಲ್ಲ. ಅವು ಅವನು ಯಾರ ಪಕ್ಕದಲ್ಲಿ ಕೂರುತ್ತಾನೆ, ಯಾರ ಮಾತು ನಂಬುತ್ತಾನೆ, ಯಾರ ಕಣ್ಣಿಗೆ ಸಣ್ಣವನಾಗಲು ಹೆದರುತ್ತಾನೆ ಎಂಬುದನ್ನು ನಿರ್ಧರಿಸುತ್ತವೆ. ಆ ಸಂಬಂಧಗಳನ್ನು ಓಟಾಗಿ ಮಾರ್ಪಡಿಸುವ ಕೆಲಸ ಪಕ್ಷಗಳದ್ದು. ಒಂದು ಪ್ರಸಂಗ ಹೇಳಿದರೆ ಇದು ಸ್ಪಷ್ಟವಾಗಬಹುದು.

1960ರ ಅಕ್ಟೋಬರ್. ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಕೆನಡಿ ಮತ್ತು ರಿಪಬ್ಲಿಕನ್ ಪಕ್ಷದ ನಿಕ್ಸನ್ ನಡುವೆ ಜಿದ್ದಾಜಿದ್ದಿ. ಕೆನಡಿ ಕ್ಯಾಥೊಲಿಕ್, ಅದುವರೆಗೆ ಕ್ಯಾಥೊಲಿಕರೊಬ್ಬರು ಅಮೆರಿಕದ ಅಧ್ಯಕ್ಷರಾಗಿರಲಿಲ್ಲ. 1928ರಲ್ಲಿ ಆಲ್ ಸ್ಮಿತ್ ಎಂಬ ಕ್ಯಾಥೊಲಿಕ್ ನಾಯಕ ನಿಂತು ಸೋತಿದ್ದರು. ಕ್ಯಾಥೊಲಿಕ್ ಅಧ್ಯಕ್ಷ ಬಂದರೆ ರೋಮಿನ ಪೋಪರ ಅಪ್ಪಣೆಯಂತೆ ದೇಶ ನಡೆಯುತ್ತದೆ ಎಂಬ ಗುಲ್ಲು ಆಗಲೂ ಇತ್ತು, ಈಗಲೂ ಎದ್ದಿತ್ತು. ಕೆನಡಿ ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ ಪ್ರೊಟೆಸ್ಟಂಟ್ ಪಾದ್ರಿಗಳ ಸಭೆಗೆ ತಾವೇ ಹೋಗಿ, ಚರ್ಚು ಬೇರೆ, ಸರ್ಕಾರ ಬೇರೆ ಎಂದು ವಿವರಿಸಬೇಕಾಯಿತು. ಅಟ್ಲಾಂಟಾದ ಕಪ್ಪು ವರ್ಣದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಸೀನಿಯರ್ ಅವರಿಗೂ ಕೆನಡಿ ಕ್ಯಾಥೊಲಿಕ್ ಎಂಬುದೇ ಅಡ್ಡಿಯಾಗಿತ್ತು. ನಿಕ್ಸನ್‌ಗೆ ಬೆಂಬಲ ಎಂದು ಅವರು ಬಹಿರಂಗವಾಗಿಯೇ ಹೇಳಿದ್ದರು.

ಅಷ್ಟರಲ್ಲಿ ಅವರ ಮಗ, ನಮಗೆಲ್ಲ ಗೊತ್ತಿರುವ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್, ಅಟ್ಲಾಂಟಾದ ದೊಡ್ಡ ಮಳಿಗೆಯೊಂದರಲ್ಲಿ ವರ್ಣಭೇದದ ವಿರುದ್ಧ ಧರಣಿ ಕುಳಿತು ಬಂಧಿತರಾದರು. ಅದಕ್ಕೂ ಮೊದಲು ವಾಹನ ಪರವಾನಗಿಯ ಕ್ಷುಲ್ಲಕ ಪ್ರಕರಣವೊಂದು ಅವರ ಮೇಲಿತ್ತು. ಅದನ್ನೇ ಹಿಡಿದು ನ್ಯಾಯಾಧೀಶರು ನಾಲ್ಕು ತಿಂಗಳ ಕಠಿಣ ಶಿಕ್ಷೆ ವಿಧಿಸಿ, ರಾತ್ರೋರಾತ್ರಿ ರೀಡ್ಸ್‌ವಿಲ್ ಜೈಲಿಗೆ ಸಾಗಿಸಿದರು. ಗರ್ಭಿಣಿಯಾಗಿದ್ದ ಪತ್ನಿ ಕೊರೆಟಾಗೆ ಕೆನಡಿ ಫೋನು ಮಾಡಿ ಧೈರ್ಯ ಹೇಳಿದರು. ತಮ್ಮ ರಾಬರ್ಟ್ ಕೆನಡಿ ನ್ಯಾಯಾಧೀಶರಿಗೇ ಫೋನು ಮಾಡಿದರು. ಕಿಂಗ್ ಹೊರಗೆ ಬಂದರು. ನಿಕ್ಸನ್ ತುಟಿ ಪಿಟಕ್ಕೆನ್ನಲಿಲ್ಲ. ಆಗ ತಂದೆ ಕಿಂಗ್ ನಿಲುವು ಬದಲಿಸಿದರು. ತಮ್ಮ ಬಳಿ ಪೆಟ್ಟಿಗೆ ತುಂಬ ಓಟುಗಳಿವೆ, ಅವನ್ನೆಲ್ಲ ಕೆನಡಿಯ ಮಡಿಲಿಗೆ ಸುರಿಯುತ್ತೇನೆ ಎಂದರು. ಮಾರ್ಟಿನ್ ಲೂಥರ್ ಕಿಂಗ್ ಅವರ ತಂದೆಗೇ ಇಂಥ ಧರ್ಮದ ಪೂರ್ವಗ್ರಹ ಇತ್ತಲ್ಲ ಎಂದು ಕೆನಡಿ ಖಾಸಗಿಯಾಗಿ ನಕ್ಕರಂತೆ. ಮರುಗಳಿಗೆಯೇ, ನಮಗೆಲ್ಲರಿಗೂ ಅಪ್ಪಂದಿರು ಇದ್ದಾರಲ್ಲ ಎಂದೂ ಸೇರಿಸಿದರಂತೆ.

ಆಮೇಲಿನದೇ ಮುಖ್ಯ. ಕೆನಡಿಯ ಪ್ರಚಾರ ತಂಡ ಈ ಸುದ್ದಿಯನ್ನು ನೀಲಿ ಕಾಗದದ ಕರಪತ್ರವಾಗಿ ಅಚ್ಚು ಹಾಕಿಸಿತು. ಚುನಾವಣೆಗೆ ಮುಂಚಿನ ಭಾನುವಾರ ಕಪ್ಪು ವರ್ಣದವರ ಚರ್ಚುಗಳ ಬಾಗಿಲಲ್ಲಿ ಲಕ್ಷಗಟ್ಟಲೆ ಪ್ರತಿಗಳನ್ನು ಹಂಚಿತು. ಬಿಳಿಯ ಮತದಾರರ ಕಣ್ಣಿಗೆ ಅದು ಬಹುತೇಕ ಬೀಳಲೇ ಇಲ್ಲ. ನವೆಂಬರ್ 8ರಂದು ದೇಶದಾದ್ಯಂತ ಕೆನಡಿಗೆ ಸಿಕ್ಕ ಮುನ್ನಡೆ ಸುಮಾರು 1,12,000 ಮತ. ಇಲಿನಾಯ್ ರಾಜ್ಯದಲ್ಲಿ ಒಂಬತ್ತು ಸಾವಿರಕ್ಕೂ ಕಡಿಮೆ. ಕರಪತ್ರವೊಂದೇ ಗೆಲ್ಲಿಸಿತು ಎಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಒಬ್ಬ ಪಾದ್ರಿಯ ಮನಸ್ಸಿನಲ್ಲಿ ಧರ್ಮದ ಅಳುಕು ಒಂದು ಕಡೆ ಎಳೆಯುತ್ತಿತ್ತು, ಜನಾಂಗದ ನೋವು ಇನ್ನೊಂದು ಕಡೆ ಎಳೆಯಿತು, ಒಂದು ಫೋನು ಕರೆ ತಕ್ಕಡಿಯನ್ನು ವಾಲಿಸಿತು. ಸುದ್ದಿ ಹಬ್ಬಿದ ದಾರಿ ಮಾತ್ರ ಚರ್ಚಿನದೇ.

ಇನ್ನೊಂದು ಮಾತು. ಕಪ್ಪು ವರ್ಣದವರು ಹುಟ್ಟಾ ಡೆಮಾಕ್ರಟರೇನಲ್ಲ. ಗುಲಾಮಗಿರಿಯನ್ನು ಕೊನೆಗಾಣಿಸಿದ ಲಿಂಕನ್ ಅವರ ಪಕ್ಷ ಎಂದು ದಶಕಗಳ ಕಾಲ ರಿಪಬ್ಲಿಕನ್ನರಿಗೇ ನಿಷ್ಠರಾಗಿದ್ದರು. ಆರ್ಥಿಕ ಕುಸಿತದ ಕಾಲದಲ್ಲಿ ರೂಸ್‌ವೆಲ್ಟ್ ಕೈಗೊಂಡ ಪರಿಹಾರ ಕಾರ್ಯಗಳಿಂದಾಗಿ 1936ರಲ್ಲಿ ದೊಡ್ಡ ಪಾಲು ಡೆಮಾಕ್ರಟರ ಕಡೆ ಬಂತು. 1964ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಗೋಲ್ಡ್‌ವಾಟರ್ ಸೆನೆಟ್‌ನಲ್ಲಿ ನಾಗರಿಕ ಹಕ್ಕುಗಳ ಕಾಯ್ದೆಯ ವಿರುದ್ಧ ಮತ ಹಾಕಿದ್ದರಿಂದ ಉಳಿದವರೂ ಬಂದರು. ಅದೇ ವರ್ಷ ದಕ್ಷಿಣದ ಐದು ರಾಜ್ಯಗಳ ಬಿಳಿಯರು ಡೆಮಾಕ್ರಟರನ್ನು ಬಿಟ್ಟು ಗೋಲ್ಡ್‌ವಾಟರ್ ಅವರನ್ನು ಗೆಲ್ಲಿಸಿದರು. ಜನರ ಬಣ್ಣ ಬದಲಾಗಿರಲಿಲ್ಲ, ಪಕ್ಷಗಳ ನಡೆ ಬದಲಾಗಿತ್ತು.

ಯಾರ ಕಣ್ಣಿಗೆ ಸಣ್ಣವನಾಗಲು ಹೆದರುತ್ತಾನೆ ಎಂದೆನಲ್ಲ, ಅದು ಉಪಮೆಯಲ್ಲ, ಅಳೆದು ನೋಡಿದ ಸಂಗತಿ. 2012ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಬಾಮ ಮತ್ತು ರಿಪಬ್ಲಿಕನ್ ಪಕ್ಷದ ರಾಮ್ನಿ ಸ್ಪರ್ಧಿಸಿದ್ದಾಗ ಇಸ್ಮಾಯಿಲ್ ವೈಟ್ ಎಂಬ ರಾಜಕೀಯ ಶಾಸ್ತ್ರಜ್ಞರು ಸಂಗಡಿಗರೊಂದಿಗೆ ಒಂದು ಪ್ರಯೋಗ ಮಾಡಿದರು. ಕಪ್ಪು ವರ್ಣದ ವಿದ್ಯಾರ್ಥಿಗಳ ಕೈಗೆ 100 ಡಾಲರ್ ಕೊಟ್ಟು, ಇಬ್ಬರು ಅಭ್ಯರ್ಥಿಗಳ ಪ್ರಚಾರ ನಿಧಿಗೆ ಇಷ್ಟವಿದ್ದಂತೆ ಹಂಚಿ ಎಂದರು. ಕೆಲವರಿಗೆ ಆಮಿಷವನ್ನೂ ಒಡ್ಡಿದರು: ರಾಮ್ನಿಗೆ ಕೊಟ್ಟ ಪ್ರತಿ ಹತ್ತು ಡಾಲರ್‌ಗೆ ಒಂದು ಡಾಲರ್ ನಿಮ್ಮ ಜೇಬಿಗೆ. ಒಬ್ಬರೇ ಕುಳಿತು ನಿರ್ಧರಿಸಿದವರಲ್ಲಿ ಆಮಿಷ ಚೆನ್ನಾಗಿಯೇ ಕೆಲಸ ಮಾಡಿತು. ತಮ್ಮದೇ ಜನಾಂಗದ ಇನ್ನೊಬ್ಬ ವಿದ್ಯಾರ್ಥಿಯ ಎದುರು ನಿರ್ಧರಿಸಬೇಕಾಗಿ ಬಂದಾಗ ಅದರ ಪ್ರಭಾವ ಬಹುಮಟ್ಟಿಗೆ ಇಳಿದುಹೋಯಿತು. ನಂಬಿಕೆ, ಸಿದ್ಧಾಂತ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ನಮ್ಮವರ ಮುಖ ನೋಡಬೇಕಲ್ಲ ಎಂಬ ಮುಲಾಜು! ಇದನ್ನು ನಾನು ಹೀನಾಯವಾಗಿ ನೋಡುವುದಿಲ್ಲ. ಒಗ್ಗಟ್ಟೊಂದೇ ಆಯುಧವಾಗಿದ್ದ ಜನ ಅದನ್ನು ಕಾಪಾಡಿಕೊಳ್ಳಲು ಕಂಡುಕೊಂಡ ದಾರಿ ಅದು. ಮತದಾನ ಗುಪ್ತವಾಗಿರಬಹುದು, ಮತದಾರ ಬದುಕುವುದು ಹತ್ತು ಜನರ ನಡುವೆ.

ಈ ಬಂಧ ಸಡಿಲವಾಗುವುದೂ ಉಂಟು. 1960ರಲ್ಲಿ ಗ್ಯಾಲಪ್ ಸಮೀಕ್ಷೆಯ ಪ್ರಕಾರ ಕ್ಯಾಥೊಲಿಕರಲ್ಲಿ ಶೇ 78ರಷ್ಟು ಮಂದಿ ಕೆನಡಿಗೆ ಓಟು ಹಾಕಿದರು. 2004ರಲ್ಲಿ ಜಾನ್ ಕೆರಿ ನಿಂತರು. ಅವರೂ ಕ್ಯಾಥೊಲಿಕ್, ಅದೇ ಪಕ್ಷ, ಅದೇ ಮ್ಯಾಸಚೂಸೆಟ್ಸ್ ರಾಜ್ಯದ ಸೆನೆಟರ್. ಮತಗಟ್ಟೆ ಸಮೀಕ್ಷೆಯಲ್ಲಿ ಕ್ಯಾಥೊಲಿಕರಲ್ಲೇ ಅವರು ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಥದ ಬುಷ್ ಅವರಿಗಿಂತ ಹಿಂದೆ ಬಿದ್ದರು. ನಡುವಿನ ವರ್ಷಗಳಲ್ಲಿ ಕ್ಯಾಥೊಲಿಕರನ್ನು ಅನುಮಾನದಿಂದ ನೋಡುವುದು ನಿಂತುಹೋಗಿತ್ತು. ಹೊರಗಿನಿಂದ ಒತ್ತುವವರು ಇಲ್ಲವಾದಾಗ ಒಳಗಿನವರು ತಮ್ಮ ತಮ್ಮ ದಾರಿ ಹಿಡಿದರು. ಟೆಕ್ಸಾಸ್ ಗಡಿಯ ಸ್ಟಾರ್ ಕೌಂಟಿ ಇನ್ನೂ ಹೊಸ ಉದಾಹರಣೆ. ಅಲ್ಲಿನ ನೂರಕ್ಕೆ ಸುಮಾರು 97 ಮಂದಿ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ನುಡಿಯ ನಾಡುಗಳ ಮೂಲದವರು. 2016ರಲ್ಲಿ ಶೇ 79ರಷ್ಟು ಮತ ಹಿಲರಿ ಕ್ಲಿಂಟನ್‌ಗೆ ಬಿದ್ದಿತ್ತು. 2020ರಲ್ಲಿ ಬೈಡನ್ ಅಲ್ಲಿ ಐದು ಶೇಕಡಾವಾರು ಅಂಶಗಳಿಂದ ಹೇಗೋ ದಡ ಸೇರಿದರು. 2024ರಲ್ಲಿ ಟ್ರಂಪ್ ಗೆದ್ದರು. ಅಲ್ಲಿ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಗೆದ್ದದ್ದು ನೂರು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಅದೇ ಮೊದಲು. ಇದನ್ನು ಓದಿದ ಮೇಲೂ ‘ಹಿಸ್ಪಾನಿಕ್ ಓಟು ಬ್ಯಾಂಕ್’ ಎಂದು ಟಿವಿಯಲ್ಲಿ ಕುಳಿತು ಹೇಳುವವರ ಧೈರ್ಯ ಮೆಚ್ಚಬೇಕು.

ಅಮೆರಿಕ ಸಾಕು ಎನಿಸಿದರೆ ಆಫ್ರಿಕಕ್ಕೆ ಬನ್ನಿ. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಅಧ್ಯಯನ ಅಲ್ಲಿಯದು. ಬ್ರಿಟಿಷರು ಆಡಳಿತದ ಅನುಕೂಲಕ್ಕೆ ಎಳೆದ ಗೆರೆಯೊಂದು ಚೆವಾ ಮತ್ತು ತುಂಬುಕಾ ಎಂಬ ಎರಡು ಸಮುದಾಯಗಳನ್ನೂ ಸೀಳಿ, ಅರ್ಧವನ್ನು ಇಂದಿನ ಮಲಾವಿಗೂ ಅರ್ಧವನ್ನು ಜಾಂಬಿಯಾಗೂ ಹಂಚಿತು. ಡೇನಿಯಲ್ ಪೋಸ್ನರ್ ಎಂಬ ವಿದ್ವಾಂಸರು ಗಡಿಯ ಎರಡೂ ಬದಿಯ ಹಳ್ಳಿಗಳಲ್ಲಿ ಜನರನ್ನು ಮಾತನಾಡಿಸಿದರು. ನುಡಿ, ನಡೆಗಳ ವ್ಯತ್ಯಾಸ ಎರಡೂ ಬದಿಯಲ್ಲಿ ಒಂದೇ. ಆದರೂ ಮಲಾವಿಯಲ್ಲಿ ಇವರು ಪರಸ್ಪರ ಎದುರಾಳಿಗಳು. ಆ ಸಮುದಾಯದವನು ಅಧ್ಯಕ್ಷ ಸ್ಥಾನಕ್ಕೆ ನಿಂತರೆ ಓಟು ಹಾಕುವುದಿಲ್ಲ ಎನ್ನುವವರೇ ಹೆಚ್ಚು. ಜಾಂಬಿಯಾದಲ್ಲಿ ಇಬ್ಬರೂ ಪೂರ್ವ ಪ್ರಾಂತ್ಯದವರು ಎಂದು ಒಂದಾಗಿ ನಿಲ್ಲುತ್ತಾರೆ. ಪೋಸ್ನರ್ ಕೊಡುವ ಕಾರಣ ಸರಳ: ತಲೆ ಎಣಿಕೆ. ಮಲಾವಿ ಚಿಕ್ಕ ದೇಶ, ಅಲ್ಲಿ ಈ ಎರಡೂ ಸಮುದಾಯಗಳು ಒಬ್ಬೊಬ್ಬ ನಾಯಕನಿಗೆ ಬೆನ್ನೆಲುಬಾಗುವಷ್ಟು ದೊಡ್ಡವು. ಜಾಂಬಿಯಾದಲ್ಲಿ ಎರಡೂ ಚಿಕ್ಕವು; ಪ್ರತ್ಯೇಕವಾಗಿ ನಿಂತರೆ ಯಾರಿಗೂ ಲೆಕ್ಕಕ್ಕಿಲ್ಲ. ಸಾವಿರಾರು ವರ್ಷಗಳ ದ್ವೇಷ ಎಂದು ಯಾರಾದರೂ ಯಾವುದಾದರೂ ಜಗಳವನ್ನು ವಿವರಿಸಿದರೆ ನನಗೆ ತಕ್ಷಣ ಈ ಗಡಿ ನೆನಪಾಗುತ್ತದೆ.

ಇನ್ನು ಓದು ಬರಹ. ಓದಿದವರು ಧರ್ಮ, ಜನಾಂಗ ನೋಡದೆ ಓಟು ಹಾಕುತ್ತಾರೆ ಎನ್ನುವುದು ಓದಿದವರು ತಮ್ಮ ಬಗ್ಗೆ ತಾವೇ ಹಬ್ಬಿಸಿರುವ ಮಾತು. ಅಮೆರಿಕದ ಬಿಳಿಯರಲ್ಲಿ ಪದವಿ ಪಡೆದವರ ಮತ್ತು ಪಡೆಯದವರ ಓಟು 2016ರಿಂದೀಚೆಗೆ ಬೇರೆ ಬೇರೆ ದಿಕ್ಕಿಗೆ ಸರಿದಿರುವುದು ನಿಜ. ಕಪ್ಪು ವರ್ಣದವರಲ್ಲಿ ಪದವಿ ಇದ್ದರೂ ಇಲ್ಲದಿದ್ದರೂ ಭಾರಿ ಬಹುಮತ ಒಂದೇ ಪಕ್ಷಕ್ಕೆ. ರಾಜಕೀಯವನ್ನು ನಿತ್ಯ ಹಿಂಬಾಲಿಸುವವನಿಗೆ ತನ್ನವರ ಪಕ್ಷ ಯಾವುದು ಎಂಬುದು ಇನ್ನೂ ಸ್ಪಷ್ಟವಾಗಿ ಗೊತ್ತಿರುತ್ತದೆ, ಅದಕ್ಕೆ ಒಪ್ಪುವ ಕಾರಣಗಳೂ ಅವನ ಬಳಿ ಹೆಚ್ಚಿರುತ್ತವೆ.

ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. ನಾನು ಮೇಲೆ ಕೊಟ್ಟಿರುವ ಶೇಕಡಾವಾರುಗಳಲ್ಲಿ ಹಲವು ಸಮೀಕ್ಷೆಗಳಿಂದ ಬಂದವು. ಜನ ಕೇಳಿದವರ ಮುಖ ನೋಡಿ ಉತ್ತರಿಸುತ್ತಾರೆ. 1982ರಲ್ಲಿ ಲಾಸ್ ಏಂಜಲೀಸ್‌ನ ಕಪ್ಪು ವರ್ಣದ ಮೇಯರ್ ಟಾಮ್ ಬ್ರಾಡ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿಯೇಬಿಟ್ಟರು ಎಂದು ಸಮೀಕ್ಷೆಗಳು ಹೇಳಿದ್ದವು, ಸೋತರು. ಬಿಳಿಯರು ಪೂರ್ವಗ್ರಹಿಗಳೆನಿಸಿಕೊಳ್ಳಲು ನಾಚಿ ಸುಳ್ಳು ಹೇಳಿದರು ಎಂಬ ವಾದ ಹುಟ್ಟಿ, ಅದಕ್ಕೆ ‘ಬ್ರಾಡ್ಲಿ ಪರಿಣಾಮ’ ಎಂಬ ಹೆಸರೂ ಬಂತು. ಅಂಚೆ ಮತಗಳನ್ನು ಸಮೀಕ್ಷೆ ಸರಿಯಾಗಿ ಹಿಡಿಯಲಿಲ್ಲ ಎನ್ನುವವರೂ ಇದ್ದಾರೆ. 2008ರಲ್ಲಿ ಒಬಾಮ ನಿಂತಾಗ ಸಮೀಕ್ಷೆ ಮತ್ತು ಫಲಿತಾಂಶ ಹೆಚ್ಚುಕಡಿಮೆ ತಾಳೆಯಾದವು.

ಕೊನೆಗೆ ಕಾನೂನು. ಭಾರತದ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಸೆಕ್ಷನ್ ಪ್ರಕಾರ ಧರ್ಮ, ಜನಾಂಗ, ಜಾತಿ, ಸಮುದಾಯ ಅಥವಾ ಭಾಷೆಯ ಹೆಸರಿನಲ್ಲಿ ಅಭ್ಯರ್ಥಿ ಓಟು ಕೇಳುವುದು ಭ್ರಷ್ಟಾಚರಣೆ. ಸಾಬೀತಾದರೆ ಆಯ್ಕೆಯೇ ಅಸಿಂಧು. ಅಭ್ಯರ್ಥಿಯ ಧರ್ಮ ಮಾತ್ರವೋ, ಮತದಾರರ ಧರ್ಮವೂ ಸೇರಿತೋ ಎಂಬ ಪ್ರಶ್ನೆ ಎದ್ದಾಗ, 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4:3ರ ಬಹುಮತದಿಂದ ಎರಡೂ ಸೇರುತ್ತವೆ ಎಂದಿತು. ಭಿನ್ನಮತ ದಾಖಲಿಸಿದ ಮೂವರ ಕಳಕಳಿ ಬೇರೆ: ಈ ಗುರುತುಗಳ ಕಾರಣಕ್ಕೇ ತುಳಿತಕ್ಕೆ ಒಳಗಾದವರು ಚುನಾವಣೆಯಲ್ಲಿ ಆ ನೋವನ್ನು ಎತ್ತಲೇಬಾರದೆಂದರೆ ಹೇಗೆ? ನನ್ನ ಒಲವು ಈ ಮೂವರ ಕಡೆಗೇ. ಧರ್ಮದ ಹೆಸರಿನಲ್ಲಿ ದ್ವೇಷ ಬಿತ್ತುವವನನ್ನು ತಡೆಯಲೇಬೇಕು. ಆದರೆ ಬಹುಮತದ ಓದನ್ನು ಅಕ್ಷರಶಃ ಹಿಡಿದರೆ ಆ ನೀಲಿ ಕರಪತ್ರವೂ ಅಪರಾಧವಾಗಬಹುದು.

ಗುರುತನ್ನು ನಿಷೇಧಿಸುವ ಬದಲು ಸಂವಿಧಾನದಲ್ಲೇ ಬರೆದಿಟ್ಟ ದೇಶಗಳೂ ಇವೆ. ಲೆಬನಾನ್ ಸಂಸತ್ತಿನ 128 ಸ್ಥಾನಗಳಲ್ಲಿ ಅರ್ಧ ಕ್ರೈಸ್ತರಿಗೆ, ಅರ್ಧ ಮುಸ್ಲಿಮರಿಗೆ. ಒಳಗೆ ಪಂಥವಾರು ಹಂಚಿಕೆ ಬೇರೆ. ಲೆಕ್ಕ ಏರುಪೇರಾದೀತೆಂಬ ಭಯಕ್ಕೆ ಅಲ್ಲಿ 1932ರ ನಂತರ ಅಧಿಕೃತ ಜನಗಣತಿಯೇ ನಡೆದಿಲ್ಲ. ಬೋಸ್ನಿಯಾದ ಅಧ್ಯಕ್ಷ ಮಂಡಳಿಯ ಮೂರು ಸ್ಥಾನಗಳು ಬೋಸ್ನಿಯಾಕ್, ಕ್ರೊಯಟ್, ಸರ್ಬ್ ಎಂಬ ಮೂರು ಜನಾಂಗಗಳಿಗೆ ಮೀಸಲು. ಯುದ್ಧ ನಿಲ್ಲಿಸಲು ಅದು ಬೇಕಿತ್ತು, ಒಪ್ಪುತ್ತೇನೆ. ಆದರೆ ಮೂರರಲ್ಲಿ ಒಂದಕ್ಕೂ ಸೇರದವರು? ರೋಮಾ ಸಮುದಾಯದ ಒಬ್ಬರು ಮತ್ತು ಯಹೂದಿ ಒಬ್ಬರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಇದು ತಾರತಮ್ಯ ಎಂದು 2009ರಲ್ಲಿ ತೀರ್ಪು ಬಂತು. ಅದರಂತೆ ಸಂವಿಧಾನ ತಿದ್ದಬೇಕಾದವರು ಆ ಮೂರು ಜನಾಂಗಗಳ ಓಟಿನಿಂದಲೇ ಗೆದ್ದು ಬಂದ ನಾಯಕರು. ಹದಿನೈದು ವರ್ಷ ಕಳೆದರೂ ಅವರು ತಿದ್ದಲಿಲ್ಲ.