ಪ್ರಾಪರ್ಟಿ ಮೇಲೆ ಟೈಪ್ ಕನ್ವರ್ಟರ್ ಹಾಕಿದರೂ ಅದು ಯಾಕೆ ಓಡುತ್ತಿಲ್ಲ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಡಾಟ್‌ನೆಟ್ (ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ) ಪ್ರಾಜೆಕ್ಟ್‌ನಲ್ಲಿ ಲೆಂಗ್ತ್ ಅಂತ ನಿಮ್ಮದೇ ಒಂದು ಕ್ಲಾಸ್ ಇದೆ. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಮಾರ್ಜಿನ್ ಎದುರು "12.5 ಸೆಂಮೀ" ಅಂತ ಇದೆ. ಅದನ್ನು ಓದಲು ಒಂದು ಕನ್ವರ್ಟರ್ (ಸ್ಟ್ರಿಂಗ್, ಅಂದರೆ ಪಠ್ಯವನ್ನು ಲೆಂಗ್ತ್ ಆಗಿ ಬದಲಿಸುವ ಕ್ಲಾಸ್) ಬರೆದು, ಮಾರ್ಜಿನ್ ಪ್ರಾಪರ್ಟಿಯ ಮೇಲೆ ಅದನ್ನೇ ಬಳಸಿ ಅಂತ ಗುರುತು ಮಾಡುವ ಟೈಪ್‌ಕನ್ವರ್ಟರ್ ಆಟ್ರಿಬ್ಯೂಟ್ ಹಾಕಿದ್ದೀರಿ. ಎರರ್ ಬರುವುದಿಲ್ಲ, ಬ್ರೇಕ್‌ಪಾಯಿಂಟ್ ಹಿಟ್ ಆಗುವುದಿಲ್ಲ, ಮಾರ್ಜಿನ್ ಮಾತ್ರ ಯಾವಾಗಲೂ ನಲ್, ಅಂದರೆ ಖಾಲಿ.

ಕನ್ವರ್ಟರ್ ಒಳಗೆ ತಪ್ಪಿದೆಯೋ ಇಲ್ಲವೋ ಆಮೇಲೆ ನೋಡೋಣ. ಸದ್ಯಕ್ಕೆ ಅದನ್ನು ಯಾರೂ ಕರೆದೇ ಇಲ್ಲ.

ಕನ್ವರ್ಟರ್ ಹುಡುಕಲು ಎರಡು ದಾರಿ ಇವೆ. ಒಂದು, ಟೈಪ್ ಹಿಡಿದು ಕೇಳುವುದು: ಟೈಪ್‌ಗಳ ವಿವರ ಕೊಡುವ ಟೈಪ್‌ಡಿಸ್ಕ್ರಿಪ್ಟರ್‌ನ ಗೆಟ್‌ಕನ್ವರ್ಟರ್‌ಗೆ "ಲೆಂಗ್ತ್‌ಗೆ ಯಾರಿದ್ದಾರೆ?" ಅಂತ ಕೇಳಿದ ಹಾಗೆ. ಇನ್ನೊಂದು, ಪ್ರಾಪರ್ಟಿ ಹಿಡಿದು ಕೇಳುವುದು: ಗೆಟ್‌ಪ್ರಾಪರ್ಟೀಸ್‌ನಿಂದ ಮಾರ್ಜಿನ್‌ನ ಪ್ರಾಪರ್ಟಿಡಿಸ್ಕ್ರಿಪ್ಟರ್ ತೆಗೆದು, ಅದರ ಕನ್ವರ್ಟರ್ ನೋಡುವುದು. ಪ್ರಾಪರ್ಟಿ ಮೇಲಿನ ಆಟ್ರಿಬ್ಯೂಟ್ ಕಾಣುವುದು ಈ ಎರಡನೇ ದಾರಿಯಲ್ಲಿ ಬಂದವರಿಗೆ ಮಾತ್ರ. ವಿನ್‌ಫಾರ್ಮ್ಸ್‌ನ ಪ್ರಾಪರ್ಟಿಗ್ರಿಡ್ (ಪ್ರಾಪರ್ಟಿಗಳನ್ನು ಪಟ್ಟಿ ಮಾಡಿ ತೋರಿಸುವ ಕಂಟ್ರೋಲ್) ಹಾಗೆ ಬರುತ್ತದೆ, ಅದಕ್ಕೇ ಅಲ್ಲಿ ಎಲ್ಲ ಸರಿಯಾಗಿ ಕೆಲಸ ಮಾಡುತ್ತದೆ. ಸೆಟ್ಟಿಂಗ್ಸ್ ಓದುವ ಕಾನ್ಫಿಗರೇಶನ್ ಬೈಂಡರ್ ಮೊದಲನೇ ದಾರಿಯದು. ಅದು ಬರೀ ಲೆಂಗ್ತ್ ಅಂತ ಕೇಳುತ್ತದೆ, ಹೆಸರಿಗಷ್ಟೇ ಇರುವ ಡೀಫಾಲ್ಟ್ ಕನ್ವರ್ಟರ್ ಸಿಗುತ್ತದೆ. ಅದಕ್ಕೆ ಸ್ಟ್ರಿಂಗ್‌ನಿಂದ ಏನೂ ಮಾಡಲು ಬರುವುದಿಲ್ಲ. ಬೈಂಡರ್ ಜಗಳವಾಡದೆ ಸುಮ್ನೆ ಮುಂದೆ ಹೋಗುತ್ತದೆ. ನಿಮ್ಮ ನಲ್ ಹುಟ್ಟಿದ್ದು ಅಲ್ಲೇ.

ಹಾಗಾಗಿ ಆಟ್ರಿಬ್ಯೂಟ್ ಅನ್ನು ಪ್ರಾಪರ್ಟಿಯಿಂದ ತೆಗೆದು ಲೆಂಗ್ತ್ ಕ್ಲಾಸ್ ಮೇಲೆ ಹಾಕಿ. ಆ ಕ್ಲಾಸ್ ಬೇರೆಯವರ ಲೈಬ್ರರಿಯಲ್ಲಿದ್ದು ಕೈಹಾಕಲು ಆಗದಿದ್ದರೆ, ಟೈಪ್‌ಡಿಸ್ಕ್ರಿಪ್ಟರ್.ಆಡ್‌ಆಟ್ರಿಬ್ಯೂಟ್ಸ್ ಇದೆ. ಟೈಪ್ ಒಂದು, ಟೈಪ್‌ಕನ್ವರ್ಟರ್‌ಆಟ್ರಿಬ್ಯೂಟ್ ಒಂದು ಕೊಟ್ಟರೆ ರನ್‌ಟೈಮ್‌ನಲ್ಲೇ ಅಂಟಿಸುತ್ತದೆ. ಮೇನ್‌ನ ಮೊದಲ ಸಾಲಿನಲ್ಲೇ ಕರೆದುಬಿಡಿ. ಬೈಂಡಿಂಗ್ ಮುಗಿದ ಮೇಲೆ ಕರೆದರೆ ಏನು ಉಪಯೋಗ, ಅಲ್ವಾ? ಇದು ಇಡೀ ಪ್ರೋಸೆಸ್‌ಗೆ ಅನ್ವಯಿಸುತ್ತದೆ ಅನ್ನುವುದು ನೆನಪಿರಲಿ. ಒಂದು ಟೆಸ್ಟ್‌ನಲ್ಲಿ ಸೇರಿಸಿದ್ದು ಪಕ್ಕದ ಟೆಸ್ಟ್‌ಗೂ ಕಾಣುತ್ತದೆ.

ಇನ್ನು ಕನ್ವರ್ಟರ್ ಒಳಗೆ. ಬದಲಾವಣೆ ಮಾಡುವ ಕನ್ವರ್ಟ್‌ಫ್ರಮ್ ಮೆಥಡ್ ಒಂದನ್ನೇ ಓವರ್‌ರೈಡ್ ಮಾಡಿದರೆ ಸಾಲದು. ಬೈಂಡರ್ ಮೊದಲು ಕ್ಯಾನ್‌ಕನ್ವರ್ಟ್‌ಫ್ರಮ್ ಕರೆದು "ಸ್ಟ್ರಿಂಗ್ ಕೊಟ್ಟರೆ ಆಗುತ್ತಾ?" ಅಂತ ಕೇಳುತ್ತದೆ. ಅದನ್ನು ಬರೆಯದಿದ್ದರೆ ಉತ್ತರ ಫಾಲ್ಸ್, ಮತ್ತೆ ಅದೇ ನಲ್.

ಅದಕ್ಕಿಂತ ಜಾಸ್ತಿ ಕಾಡುವುದು ಕಲ್ಚರ್, ಅಂದರೆ ಸಂಖ್ಯೆ, ದಿನಾಂಕ ಬರೆಯುವ ಪ್ರಾದೇಶಿಕ ಪದ್ಧತಿ. ಕನ್ವರ್ಟ್‌ಫ್ರಮ್‌ಗೆ ಕಲ್ಚರ್‌ಇನ್ಫೋ ಅಂತ ಒಂದು ಪ್ಯಾರಾಮೀಟರ್ ಬರುತ್ತದೆ. ಇದ್ದರೆ ಇರಲಿ ಅಂತ ಬಿಟ್ಟು ನಾನು ಡಬಲ್.ಪಾರ್ಸ್‌ಗೆ ಬರೀ ಸ್ಟ್ರಿಂಗ್ ಕೊಟ್ಟಿದ್ದೆ. ನನ್ನ ಮೆಷಿನ್‌ನಲ್ಲಿ ಎಲ್ಲ ಟೆಸ್ಟ್ ಪಾಸ್. ಜರ್ಮನ್ ಸೆಟ್ಟಿಂಗ್ ಇದ್ದ ಮೆಷಿನ್‌ನಲ್ಲಿ ಅದೇ ಫೈಲ್‌ನ 12.5 ಓದಿ 125 ಮಾಡಿಕೊಂಡಿತು. ಅಲ್ಲಿ ದಶಮಾಂಶಕ್ಕೆ ಕಾಮಾ, ಚುಕ್ಕೆ ಸಾವಿರಗಳನ್ನು ಬೇರ್ಪಡಿಸಲು. ಹಾಗಾಗಿ ಪಾರ್ಸ್ ಚುಕ್ಕೆಯನ್ನು ನುಂಗಿಕೊಂಡಿತು, ಎರರ್ ಕೂಡ ಕೊಡಲಿಲ್ಲ. ಪ್ರಿಂಟ್ ಆದ ಹಾಳೆಯಲ್ಲಿ ಮಾರ್ಜಿನ್ ಬಿಟ್ಟರೆ ಬೇರೇನೂ ಇರಲಿಲ್ಲ. ಬೈಂಡರ್ ಪಾಪ, ಯಾವ ದೇಶಕ್ಕೂ ಸೇರದ, ಚುಕ್ಕೆಯನ್ನೇ ದಶಮಾಂಶ ಅನ್ನುವ ಇನ್‌ವೇರಿಯಂಟ್ ಕಲ್ಚರ್ ಅನ್ನೇ ಕಳಿಸುತ್ತದೆ. ಅದನ್ನು ಹಾಗೇ ಪಾರ್ಸ್‌ಗೆ ದಾಟಿಸಿದರೆ ಸಾಕಿತ್ತು.

ಆಟ್ರಿಬ್ಯೂಟ್ ಅನ್ನು ಕ್ಲಾಸ್ ಮೇಲೆ ಹಾಕಿದಾಗ ಬೇರೆಯವರೂ ಅದನ್ನು ಗಮನಿಸುತ್ತಾರೆ. ನ್ಯೂಟನ್‌ಸಾಫ್ಟ್‌ನ ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ಒಂದು ಸ್ವರೂಪ) ಲೈಬ್ರರಿ ಬಳಸುತ್ತಿದ್ದರೆ, ಇಷ್ಟು ದಿನ ವ್ಯಾಲ್ಯೂ, ಯೂನಿಟ್ ಅಂತ ಎರಡು ಫೀಲ್ಡ್ ಇದ್ದ ಆಬ್ಜೆಕ್ಟ್ ಆಗಿ ಹೋಗುತ್ತಿದ್ದ ಲೆಂಗ್ತ್ ಇದ್ದಕ್ಕಿದ್ದಂತೆ ಒಂದು ಸ್ಟ್ರಿಂಗ್ ಆಗುತ್ತದೆ. ಕನ್ವರ್ಟ್‌ಟು ಮತ್ತು ಟುಸ್ಟ್ರಿಂಗ್ ಎರಡನ್ನೂ ಬರೆಯದಿದ್ದರೆ ಆ ಸ್ಟ್ರಿಂಗ್‌ನಲ್ಲಿ ಇರುವುದು ನಿಮ್ಮ ಕ್ಲಾಸ್‌ನ ಹೆಸರು! ಬೇಡ ಅಂದರೆ ಕ್ಲಾಸ್ ಮೇಲೆ ಜೇಸನ್‌ಆಬ್ಜೆಕ್ಟ್ ಆಟ್ರಿಬ್ಯೂಟ್ ಹಾಕಿ. ಡಾಟ್‌ನೆಟ್‌ನದೇ ಜೇಸನ್ ಲೈಬ್ರರಿಯಾದ ಸಿಸ್ಟಮ್.ಟೆಕ್ಸ್ಟ್.ಜೇಸನ್ ಆದರೆ ಟೈಪ್‌ಕನ್ವರ್ಟರ್ ಕಡೆ ತಲೆಯೇ ಹಾಕುವುದಿಲ್ಲ. ಅದಕ್ಕೆ ಜೇಸನ್‌ಕನ್ವರ್ಟರ್ ಬೇರೆ ಬರೆಯಬೇಕು. ಅಲ್ಲಿ ಮಾತ್ರ ಪ್ರಾಪರ್ಟಿ ಮೇಲಿನ ಆಟ್ರಿಬ್ಯೂಟ್‌ಗೇ ಮೊದಲ ಮರ್ಯಾದೆ, ಆಮೇಲೆ ಆಪ್ಷನ್ಸ್‌ನ ಕನ್ವರ್ಟರ್ಸ್ ಪಟ್ಟಿ, ಕೊನೆಗೆ ಕ್ಲಾಸ್ ಮೇಲಿನದು.

ಇಲ್ಲ, ನನಗೆ ಮಾರ್ಜಿನ್ ಒಂದಕ್ಕೇ ಬೇರೆ ಕನ್ವರ್ಟರ್ ಬೇಕು, ಉಳಿದ ಲೆಂಗ್ತ್‌ಗಳಿಗೆ ಬೇಡ ಅಂತೀರಾ? ಆಗ ನಾನಾದರೆ ಸೆಟ್ಟಿಂಗ್ಸ್ ಕ್ಲಾಸ್‌ನಲ್ಲಿ ಮಾರ್ಜಿನ್‌ಟೆಕ್ಸ್ಟ್ ಅಂತ ಒಂದು ಸ್ಟ್ರಿಂಗ್ ಪ್ರಾಪರ್ಟಿ ಇಟ್ಟು, ಪಕ್ಕದಲ್ಲೇ ಅದನ್ನು ಪಾರ್ಸ್ ಮಾಡಿ ಲೆಂಗ್ತ್ ಕೊಡುವ ಒಂದು ಮೆಥಡ್ ಬರೆಯುತ್ತೇನೆ. ನೋಡಲು ಅಷ್ಟೇನೂ ಚೆಂದವಿಲ್ಲ, ಆದರೆ ಆರು ತಿಂಗಳು ಬಿಟ್ಟು ಓದುವವರಿಗೂ ಅರ್ಥವಾಗುತ್ತದೆ.

ಇಷ್ಟಾದರೂ ನಲ್ ಬಂದರೆ, ಬೈಂಡಿಂಗ್‌ಗೆ ಮುಂಚೆ ಗೆಟ್‌ಕನ್ವರ್ಟರ್‌ಗೆ ಲೆಂಗ್ತ್ ಕೊಟ್ಟು, ಸಿಕ್ಕಿದ್ದರ ಟೈಪ್ ಹೆಸರು ಪ್ರಿಂಟ್ ಮಾಡಿ ನೋಡಿ. ನಿಮ್ಮ ಕನ್ವರ್ಟರ್ ಹೆಸರೇ ಬಂದರೆ ಕ್ಯಾನ್‌ಕನ್ವರ್ಟ್‌ಫ್ರಮ್ ಕೋಡ್ ಹಾಕಿ, ನೋಡುತ್ತೇನೆ.