ಅಜ್ಜಿ ಸಹಿಗೆ ತೊಂದರೆಯಿಲ್ಲವಂತೆ!

ಅರಸೀಕೆರೆ ಕಡೆಯ 24ರ ಹುಡುಗಿಯೊಬ್ಬಳ ಪತ್ರ ಓದಿ ಎರಡು ದಿನದಿಂದ ನನಗೆ ಸಮಾಧಾನವಿಲ್ಲ. ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಸಂಬಂಧ ಮತ್ತು ಭದ್ರತೆ ಓದುವ ಒಂದು ವರ್ಷದ ಎಂ.ಎ.ಗೆ ಸೀಟು ಸಿಕ್ಕಿದೆ. 38 ಲಕ್ಷ ಸಾಲ ಬೇಕು. ಅಪ್ಪ ಹೂಂ ಅಂದಿದ್ದಾರೆ, ಅಮ್ಮ ಮದುವೆ ಅಂತಿದ್ದಾರೆ, ಸೋದರಮಾವ ‘ಓದು ಮುಗಿದರೆ ವಿಶ್ವಸಂಸ್ಥೆಯಲ್ಲಿ ಕೆಲಸ ಗ್ಯಾರಂಟಿ’ ಅಂತ ಹುರಿದುಂಬಿಸುತ್ತಿದ್ದಾರೆ. ಹೋಗಲೋ ಬೇಡವೋ ಅನ್ನೋದು ಪ್ರಶ್ನೆ.

ಮೂರು ಪುಟದಲ್ಲಿ ಎರಡು ಪುಟ ಅಮ್ಮನ ಜೊತೆಗಿನ ಜಗಳಕ್ಕೇ ಹೋಗಿದೆ. ಕೊನೆಗೆ ಒಂದೇ ಸಾಲು: ‘ಬ್ಯಾಂಕಿಗೆ ಅಜ್ಜಿ ಹೆಸರಿನ ಮನೆ ತೋರಿಸ್ತಿದ್ದೀವಿ, ಅವರ ಸಹಿಗೆ ತೊಂದರೆಯಿಲ್ಲ.’

ತೊಂದರೆಯಿಲ್ಲ ಅಂದರೆ ಏನಮ್ಮಾ? ಅಜ್ಜಿ ಒಪ್ಪಿದ್ದಾರಾ, ಇಲ್ಲಾ ಇನ್ನೂ ಕೇಳೇ ಇಲ್ವಾ? ನೀವೇ ಬರೆದಿದ್ದೀರಿ, 76ನೇ ವಯಸ್ಸಲ್ಲೂ ಅವರೇ ಆಟೋ ಹಿಡಿದು ಹೋಗಿ ಮನೆ ಕಂದಾಯ ಕಟ್ಟಿ ಬರುತ್ತಾರೆ, ರಸೀತಿಗಳನ್ನು ಸೀರೆ ಅಂಗಡಿ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಡುತ್ತಾರೆ ಅಂತ. ಅಂಥವರ ಮುಂದೆ ‘ಇಲ್ಲೊಂದು ಸಹಿ ಹಾಕಜ್ಜಿ’ ಅಂತ ಕಾಗದ ಹಿಡಿಯೋಕೆ ಹೊರಟಿದ್ದೀರಿ. ಅಡ ಇಟ್ಟ ಆಸ್ತಿಗೂ ಬ್ಯಾಂಕಿನಲ್ಲಿ ಭದ್ರತೆ ಅಂತಲೇ ಅನ್ನೋದು, ಗೊತ್ತಲ್ವಾ?

ಅಮ್ಮನ ಮೇಲೆ ನನಗೆ ಕೋಪವಿಲ್ಲ. ಅಪ್ಪ ಪಾಪ, ಮಗಳಿಗೆ ಇಲ್ಲ ಅನ್ನಲಾರದವರು. ನನಗೆ ಸಿಟ್ಟು ಬಂದಿರೋದು ಮಾವನ ಮೇಲೆ. ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ: ಕಂತು ಕಟ್ಟದವರು ಕೊಡುವ ಗ್ಯಾರಂಟಿಗೆ ಮೂರು ಕಾಸಿನ ಬೆಲೆಯಿಲ್ಲ. ವಿಶ್ವಸಂಸ್ಥೆಯ ಸಚಿವಾಲಯ ಕೆಲಸ ಕಲಿಯಲು ಸೇರುವ ಇಂಟರ್ನ್‌ಗಳಿಗೆ ಸಂಬಳವನ್ನೇ ಕೊಡಲ್ಲ. ನ್ಯೂಯಾರ್ಕ್, ಜಿನೀವಾದಂಥ ಊರಲ್ಲಿ ಊಟ, ಬಾಡಿಗೆ ಎಲ್ಲ ನಿಮ್ಮ ಕೈಯಿಂದಲೇ. ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳಾದ ಎಂಐ5, ಎಂಐ6 ಸೇರೋಕೆ ಅಲ್ಲಿನ ಪೌರತ್ವ ಬೇಕು. ಓದಿದ ಮೇಲೆ ಅಲ್ಲೇ ಉಳಿದು ಕೆಲಸ ಹುಡುಕಲು ಎರಡು ವರ್ಷ ಸಿಗುತ್ತಿದ್ದ ವೀಸಾ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು ಮಾತ್ರ. ನೀವು ಓದು ಮುಗಿಸೋದು ಅದಾದ ಮೇಲೇ. ಮಾವ ಇದೆಲ್ಲ ಹೇಳಿದರಾ?

ಈ ವಿಷಯ ಓದಲೇಬೇಡಿ ಅಂತಿಲ್ಲ. ದೆಹಲಿಯಲ್ಲಿ ಜೆಎನ್‌ಯು ವಿಶ್ವವಿದ್ಯಾಲಯ ಇದೆ. ಅಂತಾರಾಷ್ಟ್ರೀಯ ಅಧ್ಯಯನಕ್ಕೆ ಅಂತಲೇ 1955ರಲ್ಲಿ ಶುರುವಾದ ಸಂಸ್ಥೆ ಆಮೇಲೆ ಅದರೊಳಗೆ ಸೇರಿಕೊಂಡಿತು. ಸಿಯುಇಟಿ ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಸೀಟು ಗಿಟ್ಟಿಸಿದರೆ ಯಾರ ಮನೆಯನ್ನೂ ಅಡ ಇಡಬೇಕಿಲ್ಲ. ವಿದೇಶಾಂಗ ಸೇವೆಗೆ ಹೋಗುವ ಆಸೆಯಿದ್ದರೆ ಯುಪಿಎಸ್‌ಸಿ ಪರೀಕ್ಷೆಗೆ ಕೂರೋಕೆ ಯಾವುದಾದರೂ ಒಂದು ಪದವಿ ಸಾಕು.

ಅದೆಲ್ಲ ಆಮೇಲೆ. ಈ ಭಾನುವಾರ ಮಾವ ಇಲ್ಲದ ಹೊತ್ತು ನೋಡಿಕೊಂಡು ಒಬ್ಬರೇ ಅಜ್ಜಿ ಹತ್ತಿರ ಕೂತುಕೊಳ್ಳಿ. ಸಾಲ ಎಷ್ಟು, ತೀರಿಸೋಕೆ ಆಗದಿದ್ದರೆ ಮನೆ ಏನಾಗುತ್ತದೆ, ಎರಡನ್ನೂ ಬಾಯಿಬಿಟ್ಟು ಹೇಳಿ. ಅಲ್ಲಿವರೆಗೆ ಲಂಡನ್ನಿಗೆ ಡೆಪಾಸಿಟ್ ಕಟ್ಟಬೇಡಿ. ತಿಂಗಳ ಕಂತು ಎಷ್ಟು ಅಂತ ಅಜ್ಜಿ ಕೇಳೇ ಕೇಳ್ತಾರೆ, ಲೆಕ್ಕ ಹಾಕಿಕೊಂಡೇ ಕೂರಿ.