ಹಲಸಿನ ಮರದ ಎರಡು ಬಣ್ಣದ ಗಿಡುಗ

ಪ್ರಶ್ನೆ: ನಮ್ಮ ಅಡಿಕೆ ತೋಟದ ಅಂಚಿನ ಹಲಸಿನ ಮರಕ್ಕೆ ಜೂನ್‌ನಿಂದ ಎರಡು ಥರದ ಗಿಡುಗ ಬರ್ತಿವೆ. ಒಂದು ಬೂದಿ ಬಣ್ಣ, ಕೆಂಪು ಕಣ್ಣು. ಇನ್ನೊಂದು ಕಂದು, ಎದೆ ತುಂಬಾ ಚುಕ್ಕೆ. ಬೇರೆ ಬೇರೆ ಜಾತಿನಾ? ಪಕ್ಕದ ಮನೆಯವರು ಕಂದುದು ಕೋಗಿಲೆ ಜಾತಿ ಅಂತಾರೆ. ಫೋಟೋ ಕಳಿಸಿದೀನಿ.
- ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಎರಡೂ ಶಿಕ್ರಾನೇ, ಬೂದಿದು ಗಂಡು, ಕಂದುದು ಈ ಬೇಸಿಗೆಲಿ ಗೂಡು ಬಿಟ್ಟ ಮರಿ. ನಮ್ಮಲ್ಲಿ ಬಿಜ್ಜು ಅಂತಾನೂ ಕರೀತಾರಲ್ಲ, ಅದೇ ಹಕ್ಕಿ, ಗಾತ್ರ ಹೆಚ್ಚುಕಡಿಮೆ ಪಾರಿವಾಳದಷ್ಟು. ಈ ಜಾತಿಲಿ ಬರೀ ಬೆನ್ನಿನ ಬಣ್ಣ ನೋಡಿದ್ರೆ ಮೋಸ ಹೋಗ್ತೀವಿ, ನಾನೂ ಶುರುವಲ್ಲಿ ಮರಿನ ಬೇರೆ ಹಕ್ಕಿ ಅಂತ ಎಷ್ಟೋ ಸಲ ಬರ್ಕೊಂಡಿದ್ದೆ. ಎದೆ ನೋಡಿ. ದೊಡ್ಡದಾದ್ರೆ ಎದೆ ಮೇಲೆ ಕೆಂಗಂದು ಬಣ್ಣದ ಸಣ್ಣ ಅಡ್ಡಗೆರೆ, ಮರಿಗಾದ್ರೆ ಮೇಲಿಂದ ಕೆಳಕ್ಕೆ ಹನಿ ಇಳಿದಂಗೆ ಕಂದು ಗುರುತು. ಹೆಣ್ಣು ಗಂಡಿಗಿಂತ ದೊಡ್ಡದು, ಬೆನ್ನಲ್ಲಿ ಸ್ವಲ್ಪ ಕಂದು ಛಾಯೆ, ಕಣ್ಣು ಅಷ್ಟು ಕೆಂಪಿರಲ್ಲ, ಹಳದಿ ಕಡೆಗೇ ಜಾಸ್ತಿ. ಮರಿ ಗರಿ ಉದುರಿಸಿ ಹೊಸದು ಹಾಕ್ಕೊಳ್ಳೋವಾಗ ಹನಿ, ಅಡ್ಡಗೆರೆ ಎರಡೂ ಒಂದೇ ಮೈಮೇಲೆ ಕಾಣ್ತಾವೆ, ಆಗಂತೂ ಪಳಗಿದವರೂ ಒಂದು ಗಳಿಗೆ ನಿಂತು ನೋಡ್ತಾರೆ.

ನಿಮ್ಮ ಪಕ್ಕದ ಮನೆಯವರ ಮಾತು ತಳ್ಳಿಹಾಕೋ ಹಂಗಿಲ್ಲ. ಬ್ರೈನ್‌ಫೀವರ್ ಹಕ್ಕಿ ಅಂತೀವಲ್ಲ, ಹರಟೆಮಲ್ಲಗಳ ಗೂಡಲ್ಲಿ ಮೊಟ್ಟೆ ಇಡೋ ಆ ಕೋಗಿಲೆ ಜಾತಿದು, ಅದು ಥೇಟ್ ಶಿಕ್ರಾ ಥರಾನೇ ಇರುತ್ತೆ, ದೊಡ್ಡದು ದೊಡ್ಡದರ ಹಂಗೆ, ಮರಿ ಮರಿ ಹಂಗೆ, ಹಾರೋದೂ ಹಂಗೇ! ಆದ್ರೆ ಕೊಕ್ಕು, ಕಾಲು ನೋಡಿದ್ರೆ ಗುಟ್ಟು ರಟ್ಟಾಗುತ್ತೆ. ನಿಮ್ಮ ಫೋಟೋದಲ್ಲಿ ಕೊಕ್ಕು ಕೊಕ್ಕೆ ಥರ ಬಾಗಿದೆ, ಉಗುರಲ್ಲಿ ಓತಿಕ್ಯಾತ ಇದೆ, ಹಾಗಾಗಿ ಕೋಗಿಲೆ ಅಲ್ಲ.

ಇನ್ನೊಂದು ಅನುಮಾನ ನೀವು ಕೇಳಿಲ್ಲ, ಆದ್ರೂ ಮಲೆನಾಡಲ್ಲಿ ಅದನ್ನ ಬಿಡಕ್ಕಾಗಲ್ಲ. ದಟ್ಟ ಕಾಡಿನ ಬೆಸ್ರಾ ಅಂತ ಇದರದೇ ದಾಯಾದಿ ಇದೆ, ಬಣ್ಣ ಇನ್ನೂ ಗಾಢ, ಗಂಟಲ ಮಧ್ಯೆ ದಪ್ಪ ಕಪ್ಪು ಗೆರೆ ಎದ್ದು ಕಾಣುತ್ತೆ. ದೊಡ್ಡ ಶಿಕ್ರಾಕ್ಕೆ ಆ ಗೆರೆ ತೆಳು ಬೂದಿ, ಮರಿಗೆ ಮಾತ್ರ ಸ್ವಲ್ಪ ಸ್ಪಷ್ಟ. ಆಗುಂಬೆ ಕಡೆ ಕಾಡೊಳಗೆ ಹೋದ್ರೆ ಮೊದಲು ಗಂಟಲಿಗೇ ಕ್ಯಾಮೆರಾ ಹಿಡೀರಿ. ಕೂಗು ಕೇಳಿ ತೀರ್ಮಾನ ಮಾಡ್ಬೇಡಿ, ಕಾಜಾಣ ಶಿಕ್ರಾ ಕೂಗನ್ನ ಹಂಗಂಗೇ ಅನುಕರಣೆ ಮಾಡುತ್ತೆ.